ಪೆನ್‌ಡ್ರೈವ್ ಕಾಣಿಸ್ತಿಲ್ಲ ಅಂದ್ರ ಮೊದಲು ಏನು ನೋಡಬೇಕು?

(ಸಂಘದ ವಾರ್ಷಿಕೋತ್ಸವದ ನಿಮಿತ್ತ ನಮ್ಮ ಸಮಾಜ ಮಂದಿರದಲ್ಲಿ ನಡೆದ ಕಂಪ್ಯೂಟರ್ ಶಿಬಿರದಲ್ಲಿ ಮಾಡಿದ ಭಾಷಣ. ಆಡಿದ ಮಾತನ್ನು ಬಹುಮಟ್ಟಿಗೆ ಹಾಗೆಯೇ ಬರೆದುಕೊಡಲಾಗಿದೆ.)



ಅಧ್ಯಕ್ಷರು ನನಗ “ಕಂಪ್ಯೂಟರ್ ಬಗ್ಗೆ ಏನಾದ್ರೂ ನಾಲ್ಕು ಮಾತು ಹೇಳು” ಅಂದಿದ್ರು. ಏನಾದ್ರೂ ಅಂತ ಹೊಂಟ್ರ ಯಾವುದೂ ಮುಟ್ಟೂದಿಲ್ಲ. ಅದಕ್ಕ ಒಂದೇ ವಿಷಯ ಹಿಡಕೊಂಡು ಬಂದೀನಿ. ಪೆನ್‌ಡ್ರೈವ್ ಕಂಪ್ಯೂಟರಿಗೆ ಚುಚ್ಚತೀವಿ, ಅದು ಕಾಣಿಸೂದಿಲ್ಲ. ಆಗ ಏನು ಮಾಡಬೇಕು, ಏನು ಮಾಡಬಾರದು. ಇಷ್ಟೇ.

ಇದು ಸಣ್ಣ ವಿಷಯ ಅಂತ ಕೆಲವರಿಗೆ ಅನಿಸಬಹುದು. ಸಣ್ಣದಲ್ಲ. ಯಾಕ ಅಂತ ಮೊದಲು ಹೇಳ್ತೀನಿ.

ಮೂರು ವರ್ಷದ ಹಿಂದಿನ ಮಾತು. ನಮ್ಮ ಓಣಿಯ ಒಬ್ಬ ಹುಡುಗಿಗೆ ನರ್ಸಿಂಗ್ ಸೀಟು ಸಿಗೂದಿತ್ತು. ಅದಕ್ಕ ಜಾತಿ ಪಡತಾಳಣಿಯ ಅರ್ಜಿ ತುಂಬಬೇಕು. ನಿಮಗ ಗೊತ್ತೇ ಅದ, ನಮ್ಮ ಮಹಾರಾಷ್ಟ್ರದಾಗ ಪರಿಶಿಷ್ಟ ಜಾತಿಯವರು 1950ರ ಆಗಸ್ಟ್ 10ಕ್ಕಿಂತ ಹಿಂದಿನ ಪುರಾವೆ ತೋರಿಸಬೇಕು. ಅಂದ್ರ ಅಪ್ಪನ ಕಾಗದ ಸಾಲೂದಿಲ್ಲ, ಮುತ್ಯಾನ ಕಾಗದ ಬೇಕು. ಆಕಿಯ ಅಪ್ಪ ನಾಲ್ಕು ಸಲ ಶಾಲೆಗೆ ತಿರುಗಿ, ಅಕ್ಕಲಕೋಟ ಸಂಸ್ಥಾನ ಇದ್ದ ಕಾಲದ ರಜಿಸ್ಟರಿನಿಂದ ತಮ್ಮಪ್ಪನ ಹೆಸರಿನ ಉತಾರಾ ತೆಗಿಸಿಕೊಂಡು ಬಂದಿದ್ರು. ಹಳದಿ ಆಗಿ ಮಡಿಕೆಯಲ್ಲಿ ಹರಿದು ಹೋಗಿದ್ದ ಪುಟದಿಂದ ನಕಲು ಮಾಡಿದ್ದು. ಅದನ್ನೂ, ಉಳಿದ ಎಲ್ಲಾ ದಾಖಲೆಯನ್ನೂ ಸ್ಕ್ಯಾನ್ ಮಾಡಿ ಒಂದು ಪೆನ್‌ಡ್ರೈವಿಗೆ ಹಾಕಿದ್ರು.

ಅರ್ಜಿ ತುಂಬಾಕ ಮರುದಿನವೇ ಕಡೇ ದಿನ. ಒಂದು ಆನ್‌ಲೈನ್ ಕೇಂದ್ರಕ್ಕ ಹೋದ್ರು. ಅಲ್ಲಿಯ ಹುಡುಗ ಪೆನ್‌ಡ್ರೈವ್ ಚುಚ್ಚಿದ. ಏನೂ ಬರಲಿಲ್ಲ. ತೆಗೆದು ಮತ್ತ ಚುಚ್ಚಿದ. “ಯುಎಸ್‌ಬಿ ಡಿವೈಸ್ ನಾಟ್ ರೆಕಗ್ನೈಜ್ಡ್” ಅಂತ ಒಂದು ಚೀಟಿ ಮೂಲ್ಯಾಗ ಮೂಡಿತು. “ನಿಮ್ಮ ಪೆನ್‌ಡ್ರೈವ್ ಕೆಟ್ಟದ. ಎಂಥಾ ಮಾಲು ತಂದೀರಿ? ಫಾರ್ಮ್ಯಾಟ್ ಹೊಡದು, ಎಲ್ಲಾ ಹೊಸದಾಗಿ ಸ್ಕ್ಯಾನ್ ಮಾಡಿಕೊಂಡು ಬರ್ರಿ” ಅಂದ. ಹುಡುಗಿ ಅಳಕೋತ ನಮ್ಮ ಸಂಘದ ಕೋಣೆಗೆ ಬಂದಳು. ಕಾಗದದ ಗಂಟು ಅವರಪ್ಪನ ಕಡೆ, ಅವರು ಕಬ್ಬಿನ ಗ್ಯಾಂಗ್ ಕೂಡ ಬೇರೆ ಜಿಲ್ಲೆಗೆ ಹೋಗಿದ್ರು.

ಮುಂದ ಏನಾಯ್ತು ಅನ್ನೂದನ್ನ ಕೊನೆಗೆ ಹೇಳ್ತೀನಿ. ಅದಕ್ಕ ಮೊದಲು ಈ ಪೆನ್‌ಡ್ರೈವ್ ಮತ್ತು ಕಂಪ್ಯೂಟರ್ ಪರಸ್ಪರ ಹೆಂಗ ಗುರುತು ಹಿಡೀತಾವ ಅಂತ ತಿಳಕೊಳ್ಳೋಣ. ಅದು ತಿಳಿದ್ರ ತಪ್ಪು ಎಲ್ಲಿ ಅದ ಅಂತ ನೀವೇ ಹುಡುಕತೀರಿ.

ನಾಲ್ಕು ತಂತಿ, ಒಂದು ಮಾತುಕತೆ

ಯುಎಸ್‌ಬಿ ಅಂದ್ರ ಯುನಿವರ್ಸಲ್ ಸೀರಿಯಲ್ ಬಸ್. 1996ರಲ್ಲಿ ಮೊದಲ ಆವೃತ್ತಿ ಬಂತು. 2000ದಲ್ಲಿ 2.0, 2008ರಲ್ಲಿ 3.0 ಬಂತು. ಪೆನ್‌ಡ್ರೈವಿನ ಬಾಯಿ ಒಳಗ ನೋಡ್ರಿ. ಬಂಗಾರದ ಬಣ್ಣದ ನಾಲ್ಕು ಪಟ್ಟಿ ಕಾಣಿಸ್ತಾವ. ಎರಡೂ ತುದಿಯ ಪಟ್ಟಿ ಕರೆಂಟಿನವು, 5 ವೋಲ್ಟ್ ಬರೂದು ಒಂದು, ತಿರುಗಿ ಹೋಗೂದು ಒಂದು. ನಡುವಿನ ಎರಡು ಮಾಹಿತಿ ಓಡಾಡೋವು. ಸರಿಯಾಗಿ ನೋಡಿದ್ರ ಕರೆಂಟಿನ ಪಟ್ಟಿ ಸ್ವಲ್ಪ ಉದ್ದ ಇರ್ತಾವ, ಮಾಹಿತಿಯವು ಸ್ವಲ್ಪ ಗಿಡ್ಡ. ಯಾಕಂದ್ರ ಚುಚ್ಚಿದಾಗ ಮೊದಲು ಕರೆಂಟು ಮುಟ್ಟಬೇಕು, ಆಮೇಲೆ ಮಾತು ಶುರುವಾಗಬೇಕು. 3.0 ಪೆನ್‌ಡ್ರೈವಿನಲ್ಲಿ ಇನ್ನೂ ಐದು ಪಟ್ಟಿ ಹಿಂದ ಇರ್ತಾವ. ಆ ಪೋರ್ಟು ಸಾಮಾನ್ಯವಾಗಿ ನೀಲಿ ಬಣ್ಣದ್ದು.

ಈಗ ನೀವು ತಹಶೀಲ ಕಚೇರಿಗೆ ಹೋಗಿದ್ದು ನೆನಪು ಮಾಡಿಕೊಳ್ರಿ. ಮೊದಲು ಬಾಗಿಲು ತೆರೆದಿರಬೇಕು. ಒಳಗ ಹೋದ ಮೇಲೆ “ಯಾರು ನೀವು, ಯಾವ ಕೆಲಸ?” ಅಂತ ಕೇಳ್ತಾರ. ನಿಮ್ಮ ಹೆಸರು ಬರಕೊಂಡು ಒಂದು ನಂಬರು ಕೊಡ್ತಾರ. ಆಮೇಲೆ ನಿಮ್ಮ ಕೆಲಸದ ಟೇಬಲ್ಲಿಗೆ ಕಳಿಸ್ತಾರ. ಟೇಬಲ್ಲಿನವರು ನಿಮ್ಮ ಕಾಗದ ಬಿಚ್ಚಿ ಓದ್ತಾರ. ಇಲ್ಲಿಯೂ ಹಂಗೇ. ಒಂದನೇದು, ಪೋರ್ಟಿನಿಂದ ಕರೆಂಟು ಸಿಗಬೇಕು. ಎರಡನೇದು, ಕಂಪ್ಯೂಟರು “ನೀನು ಯಾರು?” ಅಂದಾಗ ಪೆನ್‌ಡ್ರೈವ್ ತನ್ನ ಹೆಸರು, ಜಾತಕ ಹೇಳಬೇಕು. ಮೂರನೇದು, ಕಂಪ್ಯೂಟರಿನ ಡ್ರೈವರ್ ಅನ್ನುವ ಸಾಫ್ಟ್‌ವೇರ್ ಅದನ್ನ ವಹಿಸಿಕೊಳ್ಳಬೇಕು. ನಾಲ್ಕನೇದು, ಒಳಗಿನ ಪಾರ್ಟಿಷನ್, ಫೈಲ್ ಸಿಸ್ಟಂ ಓದಿ ಅದಕ್ಕ ಇ, ಎಫ್ ಅಂತ ಒಂದು ಅಕ್ಷರ ಕೊಡಬೇಕು. ಐದನೇದು, ನಮ್ಮ ಫೈಲು ನಮ್ಮ ಕಣ್ಣಿಗೆ ಬೀಳಬೇಕು.

“ಪೆನ್‌ಡ್ರೈವ್ ಬರ್ತಿಲ್ಲ” ಅಂತ ನಾವು ಒಂದೇ ಮಾತು ಹೇಳ್ತೀವಿ. ಆದ್ರ ಅದು ಈ ಐದು ಮೆಟ್ಟಿಲಲ್ಲಿ ಯಾವುದರ ಮ್ಯಾಲೆ ನಿಂತದ ಅನ್ನೂದು ಮುಖ್ಯ. ಬ್ಯಾನಿ ಯಾವುದು ಅಂತ ಗೊತ್ತಿಲ್ಲದೇ ಗುಳಿಗೆ ನುಂಗಬಾರದು. ಫಾರ್ಮ್ಯಾಟ್ ಅನ್ನೂದು ಅಂಥಾ ಗುಳಿಗೆ. ಪೆನ್‌ಡ್ರೈವ್ ಬದುಕ್ತದ, ಒಳಗಿದ್ದದ್ದು ಹೋಗ್ತದ.

ಹಿಂಗಾಗಿ ಇವತ್ತಿನ ಭಾಷಣದಾಗ ಬಾಕಿ ಎಲ್ಲಾ ಮರೆತ್ರೂ ಒಂದು ಮರೀಬ್ಯಾಡ್ರಿ. ಒಳಗ ಬೇಕಾದದ್ದು ಏನಾದ್ರೂ ಇದ್ದರೆ, ಕಂಪ್ಯೂಟರು ಎಷ್ಟು ಸಲ ಕೇಳಿದ್ರೂ ಫಾರ್ಮ್ಯಾಟ್ ಗುಂಡಿ ಒತ್ತಬ್ಯಾಡ್ರಿ. ಕ್ಯಾನ್ಸಲ್ ಒತ್ತಿ, ಹೊರಗ ತಗೊಳ್ರಿ, ಒಂದು ಉಸಿರು ಬಿಡ್ರಿ.

ಮೊದಲನೇ ಕೆಲಸ: ಅದಲು ಬದಲು

ತಪ್ಪು ಪೋರ್ಟಿಂದೋ, ಪೆನ್‌ಡ್ರೈವಿಂದೋ? ಇದನ್ನ ತೀರ್ಮಾನ ಮಾಡಾಕ ಯಾವ ಸಾಫ್ಟ್‌ವೇರೂ ಬ್ಯಾಡ, ಒಂದು ಪೈಸೆ ಖರ್ಚಿಲ್ಲ.

ಅದೇ ಪೆನ್‌ಡ್ರೈವನ್ನ ಅದೇ ಕಂಪ್ಯೂಟರಿನ ಬೇರೆ ಪೋರ್ಟಿಗೆ ಹಾಕ್ರಿ. ಆಮೇಲೆ ಬೇರೆ ಕಂಪ್ಯೂಟರಿಗೆ ಹಾಕ್ರಿ. ಆಮೇಲೆ ಮೊದಲಿನ ಪೋರ್ಟಿಗೆ ಬೇರೆ ಪೆನ್‌ಡ್ರೈವ್ ಹಾಕ್ರಿ. ಈ ಮೂರು ಆಯ್ತು ಅಂದ್ರ ಅರ್ಧ ಉತ್ತರ ಸಿಕ್ಕಂಗ. ಒಂದು ಪೆನ್‌ಡ್ರೈವ್ ಎಲ್ಲಾ ಕಡೆ ಬರ್ತದ, ಒಂದು ಪೋರ್ಟಿನಲ್ಲಿ ಮಾತ್ರ ಬರೂದಿಲ್ಲ ಅಂದ್ರ ಪೋರ್ಟು ಕೆಟ್ಟದ. ಒಂದು ಪೆನ್‌ಡ್ರೈವ್ ಎಲ್ಲೂ ಬರೂದಿಲ್ಲ, ಬೇರೆಯವು ಬರ್ತಾವ ಅಂದ್ರ ಪೆನ್‌ಡ್ರೈವ್ ಕೆಟ್ಟದ. ಒಂದು ಕಂಪ್ಯೂಟರಿನ ಯಾವ ಪೋರ್ಟಿನಲ್ಲೂ ಯಾವುದೂ ಬರೂದಿಲ್ಲ ಅಂದ್ರ ಆ ಕಂಪ್ಯೂಟರಿನ ಸಾಫ್ಟ್‌ವೇರ್ ಅಥವಾ ಸೆಟ್ಟಿಂಗ್ ನೋಡಬೇಕು.

ಒಂದು ಎಚ್ಚರಿಕೆ. “ಅದೇ ಪೋರ್ಟಿಗೆ ಮೌಸ್ ಹಾಕಿದ್ರ ನಡೀತದ, ಅಂದ್ರ ಪೋರ್ಟ್ ಸರಿ ಅದ” ಅಂತ ಹಲವರು ಹೇಳ್ತಾರ. ಅದು ಪೂರ್ತಿ ಖರೆ ಅಲ್ಲ. ಮೌಸಿಗೆ ಕರೆಂಟು ಬಹಳ ಕಡಿಮೆ ಸಾಕು, ಅದರ ಮಾತೂ ನಿಧಾನ. ಪೆನ್‌ಡ್ರೈವಿಗೆ, ಅದಕ್ಕಿಂತ ಹೆಚ್ಚಾಗಿ ಹೊರಗಿನ ಹಾರ್ಡ್‌ಡಿಸ್ಕಿಗೆ, ಹೆಚ್ಚು ಕರೆಂಟು ಬೇಕು. ಮೌಸ್ ನಡೆಯಲಿಲ್ಲ ಅಂದ್ರ ಪೋರ್ಟು ಕೆಟ್ಟದ ಅಂತ ಹೇಳಬಹುದು. ಮೌಸ್ ನಡೀತು ಅಂದ್ರ ಪೋರ್ಟು ಪೂರ್ತಿ ಚೊಲೋ ಅದ ಅಂತ ಹೇಳಾಕ ಬರೂದಿಲ್ಲ.

ಎರಡನೇ ಕೆಲಸ: ಕಣ್ಣಿಂದ ನೋಡೂದು

ಡೆಸ್ಕ್‌ಟಾಪ್ ಇದ್ದರೆ ಮುಂದಿನ ಪೋರ್ಟು ಬಿಟ್ಟು ಹಿಂದಿನ ಪೋರ್ಟಿಗೆ ಹಾಕ್ರಿ. ಹಿಂದಿನವು ಮದರ್‌ಬೋರ್ಡಿಗೇ ಕೂತಿರ್ತಾವ. ಮುಂದಿನವು ಒಂದು ವೈರಿನ ಮುಖಾಂತರ ಒಳಗ ಹೋಗಿ ಕೂಡ್ತಾವ. ಆ ವೈರು ಸಡಿಲಾಗ್ತದ, ದಿನಾ ಹತ್ತು ಮಂದಿ ಎಳೆದೆಳೆದು ಪೋರ್ಟೂ ಸವೀತದ. ಆನ್‌ಲೈನ್ ಕೇಂದ್ರ, ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಈ ತಕರಾರು ಹೆಚ್ಚು.

ನಡುವೆ ಹಬ್ ಅಥವಾ ಉದ್ದ ವೈರ್ ಇದ್ದರೆ ಅದನ್ನ ತೆಗೀರಿ. ಯುಎಸ್‌ಬಿ 2.0 ಪೋರ್ಟು ಕೊಡೂದು 500 ಮಿಲಿಆಂಪಿಯರ್, 3.0 ಪೋರ್ಟು 900. ಸ್ವಂತ ಕರೆಂಟಿಲ್ಲದ ಹಬ್ಬಿಗೆ ನಾಲ್ಕು ಸಾಮಾನು ಹಾಕಿದ್ರ, ಒಂದು ನಳಕ್ಕ ನಾಲ್ಕು ಕೊಡ ಹಚ್ಚಿದಂಗ. ಹೊರಗಿನ ಹಾರ್ಡ್‌ಡಿಸ್ಕ್ ಟಿಕ್ ಟಿಕ್ ಅಂದು ನಿಲ್ತದ ಅಂದ್ರ ಮೊದಲು ಕರೆಂಟಿನ ಅನುಮಾನ ಪಡ್ರಿ, ನೇರವಾಗಿ ಹಿಂದಿನ ಪೋರ್ಟಿಗೆ ಹಾಕಿ ನೋಡ್ರಿ. ಅಲ್ಲಿಯೂ ಟಿಕ್ ಟಿಕ್ ಅಂದ್ರ ಡಿಸ್ಕಿನ ಒಳಗೇ ಪೆಟ್ಟಾಗಿದೆ. ಮತ್ತ ಮತ್ತ ಚಾಲೂ ಮಾಡಬ್ಯಾಡ್ರಿ.

ಇನ್ನು ವೈರು. ಮೊಬೈಲ್ ಚಾರ್ಜರಿನ ಜೊತೆ ಬರುವ ಕೆಲವು ಅಗ್ಗದ ವೈರುಗಳಲ್ಲಿ ಕರೆಂಟಿನ ಎರಡು ತಂತಿ ಮಾತ್ರ ಇರ್ತಾವ, ಮಾಹಿತಿಯ ತಂತಿಯೇ ಇರೂದಿಲ್ಲ. ಅಂಥಾ ವೈರಿನಿಂದ ಮೊಬೈಲ್ ಹಚ್ಚಿದ್ರ ಚಾರ್ಜ್ ಆಗ್ತದ, ಕಂಪ್ಯೂಟರಿನಲ್ಲಿ ಕಾಣಿಸೂದಿಲ್ಲ. ಮೊಬೈಲ್ ಕೆಟ್ಟದ ಅಂತ ಅಂಗಡಿಗೆ ಓಡುವ ಮೊದಲು ವೈರ್ ಬದಲಿಸಿ ನೋಡ್ರಿ.

ನಮ್ಮ ಕಡೆ ಬ್ಯಾಸಗಿ ಧೂಳು, ಸುಗ್ಗಿಯಲ್ಲಿ ಜೋಳದ ಹೊಟ್ಟು, ಕಿಸೆಯಲ್ಲಿ ಅರಳೆಯ ನೂಲು. ಇವೆಲ್ಲಾ ಪೋರ್ಟಿನ ಒಳಗ ಹೋಗಿ ಕೂಡ್ತಾವ. ಕಂಪ್ಯೂಟರ್ ಪೂರ್ತಿ ಬಂದ್ ಮಾಡಿ, ಕರೆಂಟಿನ ಪ್ಲಗ್ ತೆಗೆದು, ಬ್ಯಾಟರಿ ಹಚ್ಚಿ ನೋಡ್ರಿ. ಒಣ ಮೆತ್ತನೆ ಬ್ರಷ್ಷಿನಿಂದ, ಇಲ್ಲಾ ಕಟ್ಟಿಗೆಯ ಹಲ್ಲುಕಡ್ಡಿಯಿಂದ ಹಗುರಕ್ಕ ಧೂಳು ತೆಗೀರಿ. ಸೂಜಿ, ಪಿನ್ನು, ಹೇರ್‌ಪಿನ್ ಒಳಗ ಹಾಕಬ್ಯಾಡ್ರಿ, ಒಳಗಿನ ಪಟ್ಟಿ ಬಾಗ್ತಾವ, ಕರೆಂಟಿನ ಪಟ್ಟಿ ಒಂದಕ್ಕೊಂದು ಮುಟ್ಟಿದ್ರ ಪೋರ್ಟೇ ಸುಟ್ಟು ಹೋಗ್ತದ. ಬಾಯಿಂದ ಊದಬ್ಯಾಡ್ರಿ, ಉಗುಳಿನ ತೇವ ಒಳಗ ಹೋಗ್ತದ. ಪೆನ್‌ಡ್ರೈವಿನ ಪಟ್ಟಿ ಕಪ್ಪಾಗಿದ್ರ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕ್ರಿ.

ಪೆನ್‌ಡ್ರೈವಿನ ಬುಡ ಅಲ್ಲಾಡ್ತದೇನು ಅಂತ ನೋಡ್ರಿ. ಕೈ ಬಡಿದು ಬಾಗಿದ್ರ ಒಳಗಿನ ಬೆಸುಗೆ ಬಿಟ್ಟಿರ್ತದ. ಅದನ್ನ ರಿಪೇರಿಯವರು ಮತ್ತ ಬೆಸೆದು ಕೊಡಬಹುದು, ಮಾಹಿತಿ ಹೋಗಿರೂದಿಲ್ಲ. ನೀವೇ ಅತ್ತಿತ್ತ ಬಾಗಿಸಿ ನೋಡಿದ್ರ ಮಾತ್ರ ಇದ್ದದ್ದೂ ಹೋಗ್ತದ.

ಮೂರನೇ ಕೆಲಸ: ಕಂಪ್ಯೂಟರಿಗೆ ಮತ್ತೊಮ್ಮೆ ಪರಿಚಯ ಮಾಡಿಸೂದು

ಪೋರ್ಟಿಗೆ ಕರೆಂಟು ಅದ, ಚುಚ್ಚಿದಾಗ ಟುಂಗ್ ಅಂತ ಸಪ್ಪಳ ಬರ್ತದ, ಆದ್ರೂ ಗುರುತು ಹಿಡೀಲಿಲ್ಲ ಅಂದ್ರ ರೀಸ್ಟಾರ್ಟ್ ಮಾಡ್ರಿ. ಶಟ್‌ಡೌನ್ ಅಲ್ಲ, ರೀಸ್ಟಾರ್ಟ್. ವಿಂಡೋಸ್ 8, 10, 11ರಲ್ಲಿ ಫಾಸ್ಟ್ ಸ್ಟಾರ್ಟಪ್ ಅಂತ ಒಂದು ಸೌಲಭ್ಯ ಅದ. ಅದು ಚಾಲೂ ಇದ್ದಾಗ ಶಟ್‌ಡೌನ್ ಮಾಡಿದ್ರೂ ಕಂಪ್ಯೂಟರ್ ಹಳೇ ನೆನಪು ಸ್ವಲ್ಪ ಇಟ್ಟುಕೊಂಡೇ ಮಲಗ್ತದ. ರೀಸ್ಟಾರ್ಟ್ ಮಾಡಿದಾಗ ಎಲ್ಲಾ ಹೊಸದಾಗಿ ಶುರುವಾಗ್ತದ.

ಅದಕ್ಕೂ ಬಗ್ಗಲಿಲ್ಲ ಅಂದ್ರ ಕಂಪ್ಯೂಟರ್ ಬಂದ್ ಮಾಡಿ, ಪ್ಲಗ್ ಕಿತ್ತು, ಲ್ಯಾಪ್‌ಟಾಪ್ ಇದ್ದು ಬ್ಯಾಟರಿ ತೆಗೆಯಾಕ ಬರೂದಿದ್ರ ತೆಗೆದು, ಪವರ್ ಗುಂಡಿ ಅರ್ಧ ನಿಮಿಷ ಒತ್ತಿ ಹಿಡೀರಿ. ಒಳಗ ಉಳಿದ ಕರೆಂಟು ಇಳೀತದ. ಮತ್ತ ಹಚ್ಚಿ ಚಾಲೂ ಮಾಡ್ರಿ. ಎಷ್ಟೋ ಸಲ ಇಷ್ಟಕ್ಕೇ ಪೋರ್ಟು ಎಚ್ಚರ ಆಗ್ತದ.

ಆಮೇಲೆ ಡಿವೈಸ್ ಮ್ಯಾನೇಜರ್. ಕೀಬೋರ್ಡಿನಲ್ಲಿ ವಿಂಡೋಸ್ ಗುಂಡಿ ಮತ್ತು ಎಕ್ಸ್ ಒಟ್ಟಿಗೆ ಒತ್ತಿದ್ರ ಒಂದು ಪಟ್ಟಿ ಬರ್ತದ, ಅದರಾಗ ಡಿವೈಸ್ ಮ್ಯಾನೇಜರ್ ಇರ್ತದ. ಅಲ್ಲಿ ಯುನಿವರ್ಸಲ್ ಸೀರಿಯಲ್ ಬಸ್ ಕಂಟ್ರೋಲರ್ಸ್ ಅನ್ನುವ ಸಾಲು ಬಿಚ್ಚಿ ನೋಡ್ರಿ. ಹಳದಿ ತ್ರಿಕೋನ ಇದ್ದರೆ ಅಲ್ಲಿಯೇ ತಕರಾರು. “ಅನ್‌ನೋನ್ ಯುಎಸ್‌ಬಿ ಡಿವೈಸ್, ಡಿವೈಸ್ ಡಿಸ್ಕ್ರಿಪ್ಟರ್ ರಿಕ್ವೆಸ್ಟ್ ಫೇಲ್ಡ್” ಅಂತ ಬರದಿದ್ರ ಅದರ ಅರ್ಥ ಇಷ್ಟೇ: ಕಂಪ್ಯೂಟರು “ನೀ ಯಾರು?” ಅಂತ ಕೇಳಿತು, ಸರಿಯಾದ ಉತ್ತರ ಬರಲಿಲ್ಲ. ಕೋಡ್ 43 ಅಂತ ತೋರಿಸಿದ್ರೂ ಹೆಚ್ಚೂ ಕಡಿಮೆ ಅದೇ ಮಾತು, ಸಾಧನ ತನಗೇ ತೊಂದರೆ ಅಂತ ಹೇಳಿತು, ವಿಂಡೋಸ್ ಅದನ್ನ ನಿಲ್ಲಿಸಿತು ಅಂತ. ಆ ಸಾಲಿನ ಮ್ಯಾಲೆ ಮೌಸಿನ ಬಲಗುಂಡಿ ಒತ್ತಿ ಅನ್‌ಇನ್‌ಸ್ಟಾಲ್ ಡಿವೈಸ್ ಕೊಡ್ರಿ. ಪೆನ್‌ಡ್ರೈವ್ ತೆಗೀರಿ, ರೀಸ್ಟಾರ್ಟ್ ಮಾಡ್ರಿ, ಮತ್ತ ಹಾಕ್ರಿ. ವಿಂಡೋಸ್ ತಾನೇ ಡ್ರೈವರ್ ಮತ್ತ ಕೂರಿಸ್ತದ. ಆದ್ರ ಅಲ್ಲಿರುವ ಎಲ್ಲಾ ಸಾಲನ್ನೂ ಒಮ್ಮೆಲೇ ಅನ್‌ಇನ್‌ಸ್ಟಾಲ್ ಮಾಡಬ್ಯಾಡ್ರಿ. ನಿಮ್ಮ ಕೀಬೋರ್ಡು, ಮೌಸೂ ಯುಎಸ್‌ಬಿಯವೇ ಇರ್ತಾವ, ಅವೂ ಬಂದ್ ಬೀಳ್ತಾವ. ಹಂಗಾದ್ರ ಹೆದರಬ್ಯಾಡ್ರಿ, ಪವರ್ ಗುಂಡಿಯಿಂದ ಬಂದ್ ಮಾಡಿ ಚಾಲೂ ಮಾಡಿದ್ರ ತಿರುಗಿ ಬರ್ತಾವ.

ಲ್ಯಾಪ್‌ಟಾಪಿನಲ್ಲಿ ಇನ್ನೊಂದು. ಅಲ್ಲಿಯೇ ಯುಎಸ್‌ಬಿ ರೂಟ್ ಹಬ್ ಅಂತ ಇರ್ತದ. ಅದರ ಪ್ರಾಪರ್ಟೀಸ್ ತೆಗೆದು ಪವರ್ ಮ್ಯಾನೇಜ್‌ಮೆಂಟ್ ನೋಡ್ರಿ. ಬ್ಯಾಟರಿ ಉಳಿಸಾಕ ಈ ಪೋರ್ಟ್ ಬಂದ್ ಮಾಡಬಹುದು ಅಂತ ಟಿಕ್ ಇದ್ದರೆ ತೆಗೀರಿ. ಕೆಲವು ಲ್ಯಾಪ್‌ಟಾಪಿನಲ್ಲಿ ಪೋರ್ಟು ನಡುನಡುವೆ ಮಲಗುವುದಕ್ಕ ಇದೇ ಕಾರಣ.

ಒಂದು ಮಾತು ನೆನಪಿಡ್ರಿ. ಕಚೇರಿ, ಬ್ಯಾಂಕು, ಕಾಲೇಜಿನ ಲ್ಯಾಬುಗಳಲ್ಲಿ ಪೆನ್‌ಡ್ರೈವ್ ನಡೀಬಾರದು ಅಂತ ಬೇಕಂತಲೇ ಬಂದ್ ಮಾಡಿರ್ತಾರ, ವೈರಸ್ ಬರ್ತದ ಅಂತ. ಅಲ್ಲಿ ಮೌಸ್, ಕೀಬೋರ್ಡ್ ನಡೀತಾವ, ಪೆನ್‌ಡ್ರೈವ್ ಮಾತ್ರ ನಡಿಯೂದಿಲ್ಲ. ಅದು ಕೆಟ್ಟದ್ದಲ್ಲ, ನಿಯಮ. ಅಂಥಾ ಕಂಪ್ಯೂಟರಿನ ಸೆಟ್ಟಿಂಗಿಗೆ ನಾವು ಕೈ ಹಾಕಬಾರದು. ಕೇಳಬೇಕು, ಇಲ್ಲಾ ಇ-ಮೇಲಿನಿಂದ ಕಳಿಸಬೇಕು.

ನಾಲ್ಕನೇ ಕೆಲಸ: ಡಿಸ್ಕ್ ಮ್ಯಾನೇಜ್‌ಮೆಂಟ್

ಡಿವೈಸ್ ಮ್ಯಾನೇಜರಿನಲ್ಲಿ ಪೆನ್‌ಡ್ರೈವಿನ ಹೆಸರು ಬಂದದ, ಆದ್ರ ‘ದಿಸ್ ಪಿಸಿ’ಯಲ್ಲಿ ಕಾಣಿಸ್ತಿಲ್ಲ. ಇದರ ಅರ್ಥ, ಮೊದಲ ಮೂರು ಮೆಟ್ಟಿಲು ದಾಟಿ ಬಂದದ, ನಾಲ್ಕನೇದಕ್ಕ ನಿಂತದ. ಮೊದಲಿನಂಗ ವಿಂಡೋಸ್ ಮತ್ತು ಎಕ್ಸ್ ಒತ್ತಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೀರಿ. ಕೆಳಗಿನ ಭಾಗದಲ್ಲಿ ಡಿಸ್ಕ್ 0, ಡಿಸ್ಕ್ 1 ಅಂತ ಸಾಲು ಇರ್ತಾವ. ಸಾಮಾನ್ಯವಾಗಿ ಡಿಸ್ಕ್ 0 ಕಂಪ್ಯೂಟರಿನದೇ, ಅದನ್ನ ಮುಟ್ಟಬ್ಯಾಡ್ರಿ. ರಿಮೂವೆಬಲ್ ಅಂತ ಬರೆದದ್ದು, ಜಿಬಿ ಲೆಕ್ಕ ಹೊಂದೂದು ನಿಮ್ಮ ಪೆನ್‌ಡ್ರೈವ್. ಅಲ್ಲಿ ನಾಲ್ಕು ಥರ ಕಾಣಿಸಬಹುದು.

ಒಂದು, ಎಲ್ಲಾ ಸರಿ ಅದ, ಆದ್ರ ಇ, ಎಫ್ ಅಂತ ಅಕ್ಷರ ಇಲ್ಲ. ಅದರ ಮ್ಯಾಲೆ ಬಲಗುಂಡಿ ಒತ್ತಿ ಚೇಂಜ್ ಡ್ರೈವ್ ಲೆಟರ್ ಆಂಡ್ ಪಾತ್ಸ್ ಅನ್ನೂದಕ್ಕ ಹೋಗಿ, ಆ್ಯಡ್ ಒತ್ತಿ ಒಂದು ಖಾಲಿ ಅಕ್ಷರ ಕೊಡ್ರಿ. ಆಗಿಂದಾಗ್ಗೆ ತೆರೀತದ. ಮಾಹಿತಿಗೆ ಏನೂ ಆಗೂದಿಲ್ಲ.

ಎರಡು, ‘ರಾ’ ಅಂತ ಬರದದ. ಒಳಗಿನ ಫೈಲಿನ ಯಾದಿ ಕೆಟ್ಟದ. ಪುಸ್ತಕ ಅದ, ಪರಿವಿಡಿಯ ಪುಟ ಹರಿದು ಹೋಗ್ಯಾದ ಅಂತ ತಿಳೀರಿ. ಇಲ್ಲಿಯೇ ವಿಂಡೋಸ್ “ಫಾರ್ಮ್ಯಾಟ್ ಮಾಡಲೇನು?” ಅಂತ ಕೇಳ್ತದ. ಮಾಡಬ್ಯಾಡ್ರಿ. ಅದರೊಳಗ ಹೊಸದು ಏನೂ ಬರೀಬ್ಯಾಡ್ರಿ. ಟೆಸ್ಟ್‌ಡಿಸ್ಕ್, ಫೋಟೊರೆಕ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಅವ. ಫೋಟೊರೆಕ್ ಪರಿವಿಡಿ ಇಲ್ಲದೇ ಪುಟ ಪುಟ ಹುಡುಕಿ ಫೋಟೊ, ಪಿಡಿಎಫ್ ಹೊರಗ ತೆಗೀತದ. ಫೈಲಿನ ಹಳೇ ಹೆಸರು ಸಿಗೂದಿಲ್ಲ, ಫೈಲು ಸಿಗ್ತದ. ತೆಗೆದದ್ದನ್ನ ಅದೇ ಪೆನ್‌ಡ್ರೈವಿಗೆ ಅಲ್ಲ, ಕಂಪ್ಯೂಟರಿಗೆ ಉಳಿಸಬೇಕು.

ಮೂರು, ಅನ್‌ಅಲೊಕೇಟೆಡ್ ಅಂತ ಕಪ್ಪು ಪಟ್ಟಿ ಕಾಣಿಸ್ತದ. ಪಾರ್ಟಿಷನ್ನಿನ ಗಡಿಯೇ ಅಳಿಸಿ ಹೋಗಿದೆ. ಮಾಹಿತಿ ಬೇಕಾಗಿದ್ರ ಇಲ್ಲಿಯೂ ಹೊಸ ವಾಲ್ಯೂಮ್ ಮಾಡಬ್ಯಾಡ್ರಿ. ಟೆಸ್ಟ್‌ಡಿಸ್ಕ್ ಆ ಗಡಿಯನ್ನ ಹುಡುಕಿ ತಿರುಗಿ ಹಾಕಬಲ್ಲದು, ಆದ್ರ ಮೊದಲ ಸಲ ಮಾಡುವವರು ತಿಳಿದವರ ಪಕ್ಕ ಕೂತು ಮಾಡ್ರಿ.

ನಾಲ್ಕು, ‘ನೋ ಮೀಡಿಯಾ’. ಪೆನ್‌ಡ್ರೈವಿನ ಒಳಗ ಎರಡು ಮುಖ್ಯ ಚಿಪ್ಪು. ಮಾತಾಡೂದು ಕಂಟ್ರೋಲರ್, ಮಾಹಿತಿ ಇಡೂದು ಮೆಮೊರಿ. ಕಂಟ್ರೋಲರ್ ಬಾಗಿಲಲ್ಲಿ ನಿಂತು ಹೆಸರು ಹೇಳ್ತದ, ಆದ್ರ ಒಳಗಿನ ಕೋಣೆಯ ಕೀಲಿ ಅದಕ್ಕ ಸಿಗ್ತಿಲ್ಲ. ಇದಕ್ಕ ಮನೆ ಮದ್ದಿಲ್ಲ. ಚಿಪ್ಪು ಬಿಚ್ಚಿ ಓದುವ ಪರಿಣತರು ದೊಡ್ಡ ಊರಲ್ಲಿ ಇರ್ತಾರ, ಖರ್ಚು ಹೆಚ್ಚು, ಖಾತ್ರಿ ಇಲ್ಲ.

ಒಳಗ ಬೇಕಾದದ್ದು ಏನೂ ಇಲ್ಲ ಅಂದ್ರ ಆಗ ಧಾರಾಳ ಫಾರ್ಮ್ಯಾಟ್ ಮಾಡ್ರಿ. ಮೊಬೈಲ್, ಕಂಪ್ಯೂಟರ್ ಎರಡಕ್ಕೂ ಬೇಕು, ದೊಡ್ಡ ವಿಡಿಯೊ ಹಾಕಬೇಕು ಅಂದ್ರ ಎಕ್ಸ್‌ಫ್ಯಾಟ್ ಆರಿಸ್ರಿ. ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ಒಂದೇ ಫೈಲು ಕೂಡೂದಿಲ್ಲ. ಎನ್‌ಟಿಎಫ್‌ಎಸ್ ಕೆಲವು ಮೊಬೈಲಿಗೆ, ಟಿವಿಗೆ ತಿಳಿಯೂದಿಲ್ಲ, ಅಲ್ಲಿ ಪೆನ್‌ಡ್ರೈವ್ ಕಾಣಿಸದಿದ್ರ ಪೆನ್‌ಡ್ರೈವ್ ಕೆಟ್ಟದ ಅಂತ ತಿಳೀಬ್ಯಾಡ್ರಿ. ಹಂಗೇ ಕೆಲವು ಮೊಬೈಲಿನಲ್ಲಿ ಓಟಿಜಿ ಅನ್ನೂದನ್ನ ಸೆಟ್ಟಿಂಗಿನಲ್ಲಿ ಚಾಲೂ ಮಾಡಬೇಕಾಗ್ತದ.

ಐದನೇ ಕೆಲಸ: ಡ್ರೈವ್ ತೆರೀತು, ಫೈಲ್ ಇಲ್ಲ

ಝೆರಾಕ್ಸ್ ಅಂಗಡಿಯಿಂದ ಬಂದ ಮೇಲೆ ಎಲ್ಲಾ ಫೋಲ್ಡರ್ ಶಾರ್ಟ್‌ಕಟ್ ಆಗಿರ್ತಾವ, ಇಲ್ಲಾ ಖಾಲಿ ಕಾಣಿಸ್ತದ. ಆದ್ರ ಜಾಗ ನೋಡಿದ್ರ ತುಂಬಿದಂಗ ತೋರಿಸ್ತದ. ಇದು ವೈರಸ್ಸಿನ ಕೆಲಸ. ಫೈಲು ಹೋಗಿಲ್ಲ, ಮುಚ್ಚಿಟ್ಟಾರ. ಆ ಶಾರ್ಟ್‌ಕಟ್ಟಿನ ಮ್ಯಾಲೆ ಒತ್ತಬ್ಯಾಡ್ರಿ, ಒತ್ತಿದ್ರ ಆ ಕಂಪ್ಯೂಟರಿಗೂ ಹತ್ತತದ. ಮೊದಲು ವಿಂಡೋಸಿನ ಆ್ಯಂಟಿವೈರಸ್ಸಿನಿಂದ ಸ್ಕ್ಯಾನ್ ಮಾಡ್ರಿ. ಆಮೇಲೆ ವ್ಯೂ ಅನ್ನೂದರೊಳಗ ಹಿಡನ್ ಐಟಮ್ಸ್ ಟಿಕ್ ಮಾಡ್ರಿ. ಆದ್ರೂ ಬರಲಿಲ್ಲ ಅಂದ್ರ ಫೋಲ್ಡರ್ ಆಪ್ಷನ್ಸ್‌ನಲ್ಲಿ ‘ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಂ ಫೈಲ್ಸ್’ ಅನ್ನುವ ಟಿಕ್ ತೆಗೀರಿ. ನಿಮ್ಮ ಫೋಟೊ, ಪಿಡಿಎಫ್ ಅಷ್ಟೇ ಕಂಪ್ಯೂಟರಿಗೆ ನಕಲು ಮಾಡಿಕೊಂಡು, ಆಮೇಲೆ ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡ್ರಿ.

ಸಂತ್ಯಾಗ, ಜಾತ್ರ್ಯಾಗ, ಆನ್‌ಲೈನಿನಲ್ಲಿ ಬಹಳ ಅಗ್ಗಕ್ಕ ದೊಡ್ಡ ದೊಡ್ಡ ಪೆನ್‌ಡ್ರೈವ್ ಸಿಗ್ತಾವ. ಮ್ಯಾಲೆ 1 ಟಿಬಿ ಅಂತ ಬರದಿರ್ತದ, ಒಳಗ ಅದರ ಸಣ್ಣ ಪಾಲೂ ಇರೂದಿಲ್ಲ. ಕಂಪ್ಯೂಟರಿಗೂ ಅದು ಸುಳ್ಳೇ ಹೇಳ್ತದ. ತುಂಬಿದಂಗ ಹಳೇ ಫೈಲಿನ ಮ್ಯಾಲೆ ಹೊಸದು ಬರೀತದ. ಕೊಂಡ ದಿನವೇ ತುಂಬಾ ಫೈಲ್ ಹಾಕಿ, ಎಲ್ಲಾ ತೆಗೆದು ನೋಡಿ ಪರೀಕ್ಷೆ ಮಾಡ್ರಿ. ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಇದೇ ಕೆಲಸ ಮಾಡ್ತದ.

ಆ ಹುಡುಗಿಯ ಪೆನ್‌ಡ್ರೈವ್ ಏನಾಯ್ತು?

ಈಗ ಮೊದಲಿನ ಮಾತಿಗೆ ಬರ್ತೀನಿ. ಹುಡುಗಿ ಸಂಘದ ಕೋಣೆಗೆ ಬಂದಾಗ ನಾ ಮಾಡಿದ್ದು ಇಷ್ಟೇ. ನಮ್ಮ ಹಳೇ ಕಂಪ್ಯೂಟರಿನ ಹಿಂದಿನ ಪೋರ್ಟಿಗೆ ಹಾಕಿದೆ. ತೆರೀತು. ಮುತ್ಯಾನ ಉತಾರಾ ಸುದ್ದಾ ಎಲ್ಲಾ ಇತ್ತು. ಮೊದಲು ಒಂದು ನಕಲು ಕಂಪ್ಯೂಟರಿಗೆ ಹಾಕಿಕೊಂಡೆ, ಇನ್ನೊಂದು ಆಕಿಯ ಇ-ಮೇಲಿಗೆ ಕಳಿಸಿದೆ. ಆಮೇಲೆ ಇಬ್ಬರೂ ಅದೇ ಕೇಂದ್ರಕ್ಕ ಹೋದ್ವಿ. “ಅಣ್ಣಾ, ಇದನ್ನ ಹಿಂದಿನ ಪೋರ್ಟಿಗೆ ಹಾಕಿ ನೋಡ್ರಿ” ಅಂದೆ. ಆತ ಮನಸ್ಸಿಲ್ಲದೇ ಬಗ್ಗಿ ಹಾಕಿದ. ಬಂತು. ಮುಂದಿನ ಪೋರ್ಟಿಗೆ ಆತನದೇ ಪೆನ್‌ಡ್ರೈವ್ ಹಾಕಿಸಿದೆ. ಬರಲಿಲ್ಲ. ಆತನೂ ಕೆಟ್ಟವನಲ್ಲ, ಅವತ್ತು ಸಂಜೆ ತನಕ ಕೂತು ಅರ್ಜಿ ತುಂಬಿಕೊಟ್ಟ. ಈಗ ಆ ಹುಡುಗಿ ಸೋಲಾಪುರದಲ್ಲಿ ಮೂರನೇ ವರ್ಷದಲ್ಲಿ ಓದ್ತಾಳ.

ತಪ್ಪು ಪೋರ್ಟಿಂದು. ಆದ್ರ ಮಾತು ಬಂದದ್ದು ಹುಡುಗಿಯ ಮ್ಯಾಲೆ. “ಎಂಥಾ ಮಾಲು ತಂದೀರಿ” ಅಂತ. ಆಕಿ ಅದನ್ನ ಕೂಡಲೇ ನಂಬಿಬಿಟ್ಟಿದ್ದಳು. ನಾವೂ ಹಿಂಗೇ ನಂಬತೀವಿ. ಕಚೇರಿಯಲ್ಲಿ ಕೆಲಸ ಆಗಲಿಲ್ಲ ಅಂದ್ರ ನಮ್ಮ ಕಾಗದದ್ದೇ ತಪ್ಪು, ನಮ್ಮ ಓದಿಂದೇ ತಪ್ಪು, ನಮ್ಮಲ್ಲೇ ಏನೋ ಕೊರತೆ ಅಂತ ತಲಿ ತಗ್ಗಿಸಿ ಬರ್ತೀವಿ. ತಪ್ಪು ನಮ್ಮದಿದ್ರ ಒಪ್ಪಿಕೊಳ್ಳೋಣ. ಆದ್ರ ಪರೀಕ್ಷೆ ಮಾಡಿ ಒಪ್ಪಿಕೊಳ್ಳೋಣ. ಇನ್ನೊಂದು ಪೋರ್ಟಿಗೆ ಹಾಕಿ ನೋಡ್ರಿ ಅಂತ ಹೇಳುವಷ್ಟು ತಿಳುವಳಿಕೆ, ಅಷ್ಟು ಧೈರ್ಯ ನಮ್ಮ ಪ್ರತಿ ಹುಡುಗ ಹುಡುಗಿಗೆ ಇರಬೇಕು.

ಉಳಿಯದೇ ಹೋದದ್ದು

ಎಲ್ಲಾ ಕಥೆ ಹಿಂಗ ಸುಖವಾಗಿ ಮುಗಿಯೂದಿಲ್ಲ. ನನ್ನದೇ ತಪ್ಪಿನ ಮಾತೂ ಹೇಳಬೇಕು.

ನಮ್ಮ ಓಣಿಯಲ್ಲಿ ಒಬ್ಬ ಆಯಿ ಇದ್ದಳು, ನಿಮಗೆಲ್ಲಾ ನೆನಪು ಅದ. ಬೀಸುಕಲ್ಲಿನ ಹಾಡು, ಬಾಬಾಸಾಹೇಬರ ಮ್ಯಾಲೆ ತಾನೇ ಕಟ್ಟಿದ ಕನ್ನಡದ ಹಾಡು, ನಡುನಡುವೆ ಮರಾಠಿ ಸಾಲು ಸೇರಿಸಿ ಹಾಡ್ತಿದ್ದಳು. ಒಂದು ಜಯಂತಿಯ ಮುಂಚೆ ಎರಡು ರಾತ್ರಿ ಕೂತು ನಾವು ಅದನ್ನೆಲ್ಲಾ ರೆಕಾರ್ಡ್ ಮಾಡಿದ್ವಿ. ಮೊಬೈಲಿನಲ್ಲಿ ಜಾಗ ಸಾಲಲಿಲ್ಲ ಅಂತ ಪೆನ್‌ಡ್ರೈವಿಗೆ ಹಾಕಿ ಮೊಬೈಲಿನಿಂದ ಅಳಿಸಿದೆ. ನಕಲು ಮಾಡಬೇಕು, ನಾಳೆ ಮಾಡೋಣ ಅಂತ ಇಟ್ಟೆ. ಜಯಂತಿಯ ದಿನ ಸೌಂಡ್ ಸಿಸ್ಟಮ್ಮಿಗೆ ಹಚ್ಚಿ, ಹಾಡು ನಡೆದಾಗಲೇ ಯಾರೋ ಕಿತ್ತು ಬೇರೆ ಪೆನ್‌ಡ್ರೈವ್ ಹಾಕಿದ್ರು. ಅವತ್ತೇ ಕೆಟ್ಟಿತೋ, ಮೊದಲೇ ಕೆಡಾಕ ಹತ್ತಿತ್ತೋ, ಗೊತ್ತಿಲ್ಲ. ಮುಂದ ಹಾಕಿದಾಗ ‘ನೋ ಮೀಡಿಯಾ’. ಎಲ್ಲಾ ಪೋರ್ಟು, ಎಲ್ಲಾ ಕಂಪ್ಯೂಟರು ನೋಡಿದೆ. ಪುಣೆಯ ತನಕ ಕಳಿಸಿದೆ, ಆಗೂದಿಲ್ಲ ಅಂತ ತಿರುಗಿ ಬಂತು. ಮತ್ತ ಹಾಡಿಸೋಣ ಅಂತ ಹೋಗೂದರೊಳಗ ಆಯಿ ಹಾಸಿಗೆ ಹಿಡಿದಿದ್ದಳು. ಆ ಮಳೆಗಾಲದಲ್ಲಿ ತೀರಿಕೊಂಡಳು. ಆ ಪೆನ್‌ಡ್ರೈವ್ ಇನ್ನೂ ನನ್ನ ಪೆಟ್ಟಿಗ್ಯಾಗ ಅದ.

ಅದಕ್ಕ ಹೇಳ್ತೀನಿ, ಪೆನ್‌ಡ್ರೈವ್ ಅಂದ್ರ ಸಾಮಾನು ಒಯ್ಯುವ ಚೀಲ. ಅದು ತಿಜೋರಿ ಅಲ್ಲ. ಬೇಕಾದದ್ದು ಮೂರು ನಕಲು ಇರಲಿ, ಎರಡು ಬೇರೆ ಥರದ ಸಾಧನದಲ್ಲಿ ಇರಲಿ, ಒಂದು ನಕಲು ಮನೆಯ ಹೊರಗ ಬೇರೆ ಕಡೆ ಇರಲಿ. ಬರಿಯುವಾಗ, ಓದುವಾಗ ಕೀಳಬ್ಯಾಡ್ರಿ, ದೀಪ ಮಿನುಗೂದು ನಿಲ್ಲಲಿ, ಸೇಫ್ಲಿ ರಿಮೂವ್ ಕೊಟ್ಟು ತೆಗೀರಿ. ಸರಕಾರಿ ದಾಖಲೆಗೆ 2015ರಿಂದ ಡಿಜಿಲಾಕರ್ ಅದ. ಇಲಾಖೆಯಿಂದಲೇ ಅದರೊಳಗ ಬಂದ ದಾಖಲೆಗೆ ಮೂಲ ಕಾಗದದಷ್ಟೇ ಮಾನ್ಯತೆ ಅದ. ನಾವೇ ಸ್ಕ್ಯಾನ್ ಮಾಡಿ ಹಾಕಿದ್ದು ನಕಲು ಅಷ್ಟೇ, ಮೂಲ ಕಾಗದವನ್ನ ಕಾಪಾಡಲೇಬೇಕು. ಮುತ್ಯಾನ ಹೆಸರಿನ ಆ ಒಂದು ಹಳದಿ ಕಾಗದದ ಮ್ಯಾಲೆ ಮೊಮ್ಮಕ್ಕಳ ಸೀಟು ನಿಂತಿರ್ತದ.

ಕೊನೆಯ ಎರಡು ಮಾತು

1924ರಲ್ಲಿ ಬಾಬಾಸಾಹೇಬರು ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು. ಮರುವರ್ಷ, 1925ರ ಜನವರಿಯಲ್ಲಿ, ಆ ಸಭೆ ನಮ್ಮ ಸೋಲಾಪುರದಲ್ಲೇ ಹುಡುಗರಿಗಾಗಿ ಒಂದು ವಸತಿಗೃಹ ತೆರೆಯಿತು. ಊಟ, ವಸತಿ, ಪುಸ್ತಕ ಇಲ್ಲದೇ ಹುಡುಗರು ಶಾಲೆ ಬಿಡಬಾರದು ಅಂತ. ಇವತ್ತು ನಮ್ಮ ಹುಡುಗರು ಒಂದು ಫೈಲು ತೆರೀಲಿಲ್ಲ ಅಂತ, ಕಡೇ ದಿನ ದಾಟಿತು ಅಂತ ಕಾಲೇಜು ಬಿಡುವಂಗ ಆಗಬಾರದು. ಆಗಿನ ಅಡಚಣಿ ಬೇರೆ, ಈಗಿನ ಅಡಚಣಿ ಬೇರೆ. ದಾಟುವ ರೀತಿ ಒಂದೇ: ತಿಳಕೊಳ್ಳೂದು, ತಿಳಿದದ್ದು ಇನ್ನೊಬ್ಬರಿಗೆ ಹೇಳೂದು.

ನಾ ಒಂದು ಸೂಚನೆ ಇಡ್ತೀನಿ. ಸಂಘದ ಕೋಣೆಯಲ್ಲಿ ಪ್ರತಿ ರವಿವಾರ ಮುಂಜಾನೆ ಎರಡು ತಾಸು ಒಬ್ಬರು ಕೂಡಬೇಕು. ಯಾರ ಮನೆಯ ದಾಖಲೆಯಾದ್ರೂ ಸ್ಕ್ಯಾನ್ ಮಾಡಿ, ನಕಲು ಮಾಡಿ, ಡಿಜಿಲಾಕರ್ ತೆಗೆದುಕೊಡೋಣ. ನಮ್ಮ ಓಣಿಯವರಿಗಷ್ಟೇ ಅಲ್ಲ, ಊರಿನ ಯಾರು ಬಂದ್ರೂ ಮಾಡಿಕೊಡೋಣ. ಮೊದಲನೇ ರವಿವಾರ ನಾ ಕೂಡ್ತೀನಿ. ಎರಡನೇ ರವಿವಾರಕ್ಕ ಹುಡುಗಿಯರಲ್ಲಿ ಯಾರಾದ್ರೂ ಕೈ ಎತ್ತಬೇಕು. ಮತ್ತೆ, ಓಣಿಯಲ್ಲಿ ಹಾಡು ಬಲ್ಲ ಆಯಿಗಳು ಇನ್ನೂ ಇಬ್ಬರು ಇದ್ದಾರ. ಈ ತಿಂಗಳೊಳಗ ಅವರ ಹಾಡು ರೆಕಾರ್ಡ್ ಆಗಬೇಕು, ಅವತ್ತೇ ರಾತ್ರಿ ಮೂರು ನಕಲು ಆಗಬೇಕು. ನಾಳೆ ಅನ್ನುವಂಗಿಲ್ಲ.